ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿರುವ ಲಿನಕ್ಸ್ ಮನೆಯಲ್ಲಿ ಬೂಟ್ ಆಗುತ್ತದೆ, ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಆಗುತ್ತಿಲ್ಲ

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ, ಶಿರಸಿ

ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲವಾದ್ದರಿಂದ ವಿಂಡೋಸ್ 11 ಹಾಕಲಾಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೋಟದ ಅಡಿಕೆಯ ಲೆಕ್ಕಪತ್ರವೆಲ್ಲ ಆ ವಿಂಡೋಸ್‌ನಲ್ಲಿಯೇ ಇರುವುದರಿಂದ ಅದನ್ನು ಹಾಗೆಯೇ ಬಿಟ್ಟು, ಯುಎಸ್‌ಬಿಗೆ ಜೋಡಿಸುವ ಒಂದು ಎಸ್‌ಎಸ್‌ಡಿಯಲ್ಲಿ ಉಬುಂಟು ಕುಟುಂಬದ ಲಿನಕ್ಸನ್ನು ಹಾಕಿಕೊಂಡಿದ್ದೇನೆ. ಮನೆಯಲ್ಲಿ ಅದು ಸರಿಯಾಗಿ ಬೂಟ್ ಆಗುತ್ತದೆ. ಶಾಲೆಯ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಎಫ್12 ಒತ್ತಿದರೆ ಮಾತ್ರ ಬೂಟ್ ಮೆನುವಿನಲ್ಲಿ ಎಸ್‌ಎಸ್‌ಡಿಯ ಹೆಸರೇ ಇರುವುದಿಲ್ಲ. ಲಿನಕ್ಸ್ ಹಾಕಲು ಬಳಸಿದ ಪೆನ್‌ಡ್ರೈವ್ ಅದೇ ಲ್ಯಾಪ್‌ಟಾಪ್‌ನಲ್ಲಿ ಯಾವ ತಕರಾರೂ ಇಲ್ಲದೆ ಬೂಟ್ ಆಗುತ್ತದೆ. ಇನ್ನೊಂದು ತೊಂದರೆಯೆಂದರೆ, ಎಸ್‌ಎಸ್‌ಡಿ ತೆಗೆದಿಟ್ಟು ಮನೆಯ ಲ್ಯಾಪ್‌ಟಾಪನ್ನು ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಪದ ಬಂದು ನಿಂತುಬಿಡುತ್ತದೆ. ಪ್ರತಿ ಸಲವೂ ಬೂಟ್ ಮೆನುವಿನಿಂದ ವಿಂಡೋಸನ್ನು ಆರಿಸಬೇಕಾಗುತ್ತದೆ. ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಕಡತಗಳನ್ನು ತಡೆಯುವ ರಕ್ಷಣೆ) ಆಫ್ ಮಾಡಿದರೆ ಸರಿಹೋಗಬಹುದೇ?

ಉತ್ತರ – ಕಾರವಾರದಿಂದ

ಅಕ್ಕೋರೇ, ಸೆಕ್ಯೂರ್ ಬೂಟನ್ನು ಈಗಲೇ ಮುಟ್ಟಬೇಡಿ. ಆ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ, ಸೆಕ್ಯೂರ್ ಬೂಟ್ ಬದಲಾದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಯಾರ ಬಳಿ ಇದೆಯೆಂದು ತಿಳಿಯದೆ ಶಾಲೆಯ ಸ್ವತ್ತಿನ ಮೇಲೆ ಈ ಪ್ರಯೋಗ ಸರಿಯಲ್ಲ. ಅಲ್ಲದೆ ನಿಮ್ಮ ಪೆನ್‌ಡ್ರೈವ್ ಅಲ್ಲಿ ಬೂಟ್ ಆಗಿರುವುದರಿಂದ ಸೆಕ್ಯೂರ್ ಬೂಟ್ ನಿಮ್ಮ ಲಿನಕ್ಸನ್ನು ತಡೆಯುತ್ತಿಲ್ಲವೆಂಬುದು ಬಹುಮಟ್ಟಿಗೆ ಖಚಿತ. ಉಬುಂಟು, ಫೆಡೋರಾ, ಡೆಬಿಯನ್ ಇವುಗಳ ಮೊದಲ ಹಂತದ ಬೂಟ್ ಕಡತಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ.

ನೀವು ಹೇಳಿದ ಎರಡು ತೊಂದರೆಗಳಿಗೂ ಕಾರಣ ಒಂದೇ ಇರುವಂತೆ ಕಾಣುತ್ತದೆ. ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ ಒಳ ತಂತ್ರಾಂಶ, ಅಂದರೆ ಫರ್ಮ್‌ವೇರ್) ಇರುವ ಲ್ಯಾಪ್‌ಟಾಪ್, ಡಿಸ್ಕ್‌ನಲ್ಲಿ ಲಿನಕ್ಸ್ ಇದೆಯೋ ಇಲ್ಲವೋ ಎಂದು ಹುಡುಕುವುದಿಲ್ಲ. ಫ್ಯಾಟ್32 ರೂಪದ ಇಎಫ್‌ಐ ವಿಭಾಗದಲ್ಲಿ (ಬೂಟ್ ಕಡತಗಳಿಗೆಂದೇ ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗ) ಇರುವ ಬೂಟ್ ಕಡತವನ್ನು ಹುಡುಕುತ್ತದೆ. ಲಿನಕ್ಸ್ ಹಾಕುವಾಗ ಒಳಗಿನ ಡಿಸ್ಕ್‌ನಲ್ಲಿ ವಿಂಡೋಸ್‌ನ ಇಎಫ್‌ಐ ವಿಭಾಗ ಕಂಡರೆ, ನೀವು ಎಸ್‌ಎಸ್‌ಡಿಯನ್ನೇ ಆರಿಸಿದ್ದರೂ ಬೂಟ್ ಕಡತಗಳು ಒಳಗಿನ ವಿಭಾಗಕ್ಕೆ ಹೋಗಿ ಕೂರುವುದುಂಟು. ಹಾಗಾದಾಗ ಲಿನಕ್ಸ್ ಎಸ್‌ಎಸ್‌ಡಿಯಲ್ಲಿ, ಅದನ್ನು ಎಬ್ಬಿಸುವ ಗ್ರಬ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಉಳಿಯುತ್ತದೆ. ಎಸ್‌ಎಸ್‌ಡಿ ಇಲ್ಲದಿದ್ದಾಗ ಆ ಗ್ರಬ್ ತನಗೆ ಬೇಕಾದ ವಿಭಾಗ ಸಿಗದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಶಾಲೆಯಲ್ಲಿ ಗ್ರಬ್ಬೇ ಇರುವುದಿಲ್ಲ.

ಲಿನಕ್ಸ್‌ನಲ್ಲಿ ಡಿಸ್ಕ್ಸ್ ತಂತ್ರಾಂಶವನ್ನು ತೆರೆದು, ಎಸ್‌ಎಸ್‌ಡಿಯಲ್ಲಿ ಎಷ್ಟು ವಿಭಾಗಗಳಿವೆ, ಇಎಫ್‌ಐ ವಿಭಾಗ ಯಾವ ಡಿಸ್ಕ್‌ನಲ್ಲಿ ಮೌಂಟ್ ಆಗಿದೆ (ಬಳಕೆಗೆ ಜೋಡಣೆಯಾಗಿದೆ) ಎಂಬುದನ್ನು ನೋಡಿ ತಿಳಿಸಿ.

ಶಿರಸಿಯಿಂದ

ನೋಡಿದೆ. ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಬಳಸುವ ಎಕ್ಸ್‌ಟ್4 ರೂಪದ ಒಂದೇ ವಿಭಾಗವಿದೆ, ಡಿಸ್ಕ್‌ನ ವಿಭಾಗ ಪಟ್ಟಿ ಜಿಪಿಟಿ ಮಾದರಿಯದು. ಇಎಫ್‌ಐ ವಿಭಾಗವೆಂದು ಮೌಂಟ್ ಆಗಿರುವುದು ಒಳಗಿನ ಡಿಸ್ಕ್‌ನ 100 ಎಂಬಿಯ ವಿಭಾಗ. ಎಸ್‌ಎಸ್‌ಡಿಯಲ್ಲಿ ಈಗಾಗಲೇ ಪಾಠದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು ತುಂಬಿವೆ. ಲಿನಕ್ಸನ್ನು ಮತ್ತೆ ಹೊಸದಾಗಿ ಹಾಕದೆ ಸರಿಪಡಿಸಬಹುದೇ?

ಉತ್ತರ – ಕಾರವಾರದಿಂದ

ಖಂಡಿತ ಆಗುತ್ತದೆ. ಆದರೆ ಮೊದಲು ಆ ಟಿಪ್ಪಣಿ ಮತ್ತು ಪ್ರಶ್ನೆಪತ್ರಿಕೆಗಳ ಪ್ರತಿಯನ್ನು ಬೇರೊಂದು ಕಡೆ ಇಟ್ಟುಕೊಳ್ಳಿ, ಏಕೆಂದರೆ ವಿಭಾಗವನ್ನು ಕಿರಿದು ಮಾಡುವ ಕೆಲಸ ನಡುವೆ ನಿಂತರೆ ಕಡತಗಳು ಹಾಳಾಗಬಹುದು. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋಗುವುದು ದಿನನಿತ್ಯದ ಮಾತಾದ್ದರಿಂದ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗಲೇ ಕೈಹಾಕಿ. ಎಸ್‌ಎಸ್‌ಡಿಯ ಕೇಬಲ್ ಅಲುಗಾಡದಂತೆ ಲ್ಯಾಪ್‌ಟಾಪನ್ನು ಮೇಜಿನ ಮೇಲಿಡಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವಿಭಾಗಗಳನ್ನು ಬದಲಿಸುವ ತಂತ್ರಾಂಶವಾದ ಜಿಪಾರ್ಟೆಡ್ ತೆರೆಯಿರಿ. ಎಕ್ಸ್‌ಟ್4 ವಿಭಾಗವನ್ನು ಬಲತುದಿಯಿಂದ 512 ಎಂಬಿಯಷ್ಟು ಕಿರಿದು ಮಾಡಿ. ಎಡತುದಿಯನ್ನು ಸರಿಸಲು ಹೋಗಬೇಡಿ: ಎಡದಿಂದ ಸರಿಸಿದರೆ ಇಡೀ ವಿಭಾಗದ ದತ್ತಾಂಶವನ್ನು ಸ್ಥಳಾಂತರಿಸಬೇಕಾಗುತ್ತದೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಅಪಾಯವೂ ಹೆಚ್ಚು. ಇಎಫ್‌ಐ ವಿಭಾಗ ಡಿಸ್ಕ್‌ನ ಆರಂಭದಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಖಾಲಿಯಾದ ಜಾಗದಲ್ಲಿ ಫ್ಯಾಟ್32 ವಿಭಾಗವೊಂದನ್ನು ಮಾಡಿ, ಅದಕ್ಕೆ ಇಎಸ್‌ಪಿ (ಇಎಫ್‌ಐ ವಿಭಾಗ) ಗುರುತನ್ನು ಹಾಕಿ.

ಇನ್ನು ಪೆನ್‌ಡ್ರೈವ್ ತೆಗೆದು, ಎಂದಿನಂತೆ ಮನೆಯ ಲ್ಯಾಪ್‌ಟಾಪ್‌ನಲ್ಲಿಯೇ ಎಸ್‌ಎಸ್‌ಡಿಯ ಲಿನಕ್ಸಿಗೆ ಹೋಗಿ. ವಿಭಾಗವನ್ನು ಕಿರಿದು ಮಾಡಿದರೂ ಅದರ ಯುಯುಐಡಿ (ವಿಭಾಗದ ಗುರುತು ಸಂಖ್ಯೆ) ಬದಲಾಗುವುದಿಲ್ಲವಾದ್ದರಿಂದ ಹಳೆಯ ಗ್ರಬ್ ಅದನ್ನು ಗುರುತಿಸುತ್ತದೆ. ಯಾವ ವಿಭಾಗ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇಎಫ್‌ಐ ಸಾಲಿನ ಹಳೆಯ ಯುಯುಐಡಿಯ ಜಾಗದಲ್ಲಿ ಹೊಸ ಫ್ಯಾಟ್32 ವಿಭಾಗದ್ದನ್ನು ಬರೆದು, ಲಿನಕ್ಸನ್ನು ರೀಸ್ಟಾರ್ಟ್ ಮಾಡಿ, ಈಗ ಮೌಂಟ್ ಆಗಿರುವುದು ಎಸ್‌ಎಸ್‌ಡಿಯ ವಿಭಾಗವೇ ಎಂಬುದನ್ನು ಡಿಸ್ಕ್ಸ್‌ನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಆ ಹೆಜ್ಜೆಯೆಂದರೆ ಗ್ರಬ್ ಇನ್‌ಸ್ಟಾಲ್ ಆದೇಶ. ಅದನ್ನು ಮೊದಲು ಸಾಮಾನ್ಯ ರೀತಿಯಲ್ಲಿ, ಅನಂತರ ‘ರಿಮೂವಬಲ್’ ಆಯ್ಕೆಯೊಂದಿಗೆ ಎಂದು ಎರಡು ಬಾರಿ ನಡೆಸಿ. ಸಾಮಾನ್ಯ ರೀತಿಯಲ್ಲಿ ಹಾಕಿದ ಗ್ರಬ್‌ನ ವಿಳಾಸ ಮನೆಯ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ನೆನಪಿನಲ್ಲಿ ದಾಖಲಾಗುತ್ತದೆ. ಆ ದಾಖಲೆ ಡಿಸ್ಕ್‌ನ ಜೊತೆ ಬೇರೆ ಲ್ಯಾಪ್‌ಟಾಪ್‌ಗೆ ಬರುವುದಿಲ್ಲ. ‘ರಿಮೂವಬಲ್’ ಆಯ್ಕೆಯು ಬೂಟ್ ಕಡತವನ್ನು ‘ಇಎಫ್‌ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಎಂಬ ಹೆಸರಿನಿಂದ ಇಡುತ್ತದೆ. ದಾಖಲೆಯಿಲ್ಲದ ಹೊಸ ಡಿಸ್ಕ್ ಸಿಕ್ಕಿದಾಗ 64 ಬಿಟ್ ಯುಇಎಫ್‌ಐ ನೋಡುವುದು ಈ ಹೆಸರನ್ನೇ. ನಿಮ್ಮ ಪೆನ್‌ಡ್ರೈವ್ ಶಾಲೆಯಲ್ಲಿ ಬೂಟ್ ಆದದ್ದೂ ಇದರಿಂದಲೇ.

ಕೊನೆಗೆ ಮನೆಯ ಲ್ಯಾಪ್‌ಟಾಪ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಒಳಗಿನ ಇಎಫ್‌ಐ ವಿಭಾಗದಲ್ಲಿ ಉಳಿದಿರುವ ಹಳೆಯ ಗ್ರಬ್ ಫೋಲ್ಡರ್ ಅಲ್ಲಿಯೇ ಇದ್ದರೆ ತೊಂದರೆಯಿಲ್ಲ. ಮೈಕ್ರೋಸಾಫ್ಟ್ ಫೋಲ್ಡರನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.

ಕುಮಟಾದಿಂದ

ಮೇಲಿನ ಉತ್ತರಕ್ಕೆ ಒಂದು ಮಾತನ್ನು ಸೇರಿಸುತ್ತೇನೆ. ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಬೇಗ ಚಾಲೂ ಆಗಲೆಂದಿರುವ ಸೌಲಭ್ಯ) ಇದ್ದರೆ ವಿಂಡೋಸನ್ನು ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮುಚ್ಚಿರುವುದಿಲ್ಲ. ಹಾಗಾಗಿ ಶಿಫ್ಟ್ ಕೀ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು, ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂಬುದನ್ನು ಆರಿಸಿದರೆ ಎಫ್12ಕ್ಕಾಗಿ ಹೊತ್ತು ಕಾಯುವ ಅಗತ್ಯವೂ ಇರುವುದಿಲ್ಲ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪ್‌ನ ಯುಎಸ್‌ಬಿ 3 ಪೋರ್ಟಿಗೆ ಹಾಕಿ, ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0ರದು 900. ವಿದ್ಯುತ್ ಸಾಲದಿದ್ದರೆ ಡಿಸ್ಕ್ ಬೂಟ್ ಆಗುತ್ತಿರುವಾಗಲೇ ಕಡಿದುಹೋಗಬಹುದು.

ಶಿರಸಿಯಿಂದ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಶಾಲೆಯ ಬೂಟ್ ಮೆನುವಿನಲ್ಲಿ ಈಗ ಎಸ್‌ಎಸ್‌ಡಿಯ ಹೆಸರು ಬರುತ್ತಿದೆ. ಸೆಕ್ಯೂರ್ ಬೂಟ್ ಆನ್ ಇದ್ದ ಹಾಗೆಯೇ ಲಿನಕ್ಸ್ ಬೂಟ್ ಆಯಿತು. ಮನೆಯಲ್ಲಿ ಎಸ್‌ಎಸ್‌ಡಿ ಇಲ್ಲದಿದ್ದರೂ ನೇರವಾಗಿ ವಿಂಡೋಸ್ ತೆರೆಯುತ್ತದೆ. ಆದರೆ ಲಿನಕ್ಸ್ ಬಳಸಿದ ಮೇಲೆ ಶಾಲೆಯ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತಿದೆ. ಬ್ಯಾಟರಿಯ ದೋಷವೇ?

ಉತ್ತರ – ಕಾರವಾರದಿಂದ

ಬ್ಯಾಟರಿಯ ದೋಷವಲ್ಲ. ಲಿನಕ್ಸ್ ಯಂತ್ರದೊಳಗಿನ ಗಡಿಯಾರದಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತೀಯ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಅಷ್ಟೇ ವ್ಯತ್ಯಾಸ ಬರುತ್ತದೆ. ನೀವು ಎಸ್‌ಎಸ್‌ಡಿಯನ್ನು ಬೇರೆಯವರ ಲ್ಯಾಪ್‌ಟಾಪ್‌ಗೂ ಹಾಕುವವರಾದ್ದರಿಂದ, ಪ್ರತಿ ವಿಂಡೋಸನ್ನು ತಿದ್ದುವ ಬದಲು ನಿಮ್ಮ ಲಿನಕ್ಸನ್ನೇ ಒಂದು ಬಾರಿ ಬದಲಾಯಿಸಿ: ಟೈಮ್‌ಡೇಟ್‌ಸಿಟಿಎಲ್ ಆದೇಶದ ‘ಸೆಟ್ ಲೋಕಲ್ ಆರ್‌ಟಿಸಿ’ ಆಯ್ಕೆಗೆ 1 ಎಂದು ಕೊಡಿ. ಶಾಲೆಯ ವಿಂಡೋಸ್‌ನಲ್ಲಿ ಈಗಾಗಲೇ ತಪ್ಪಿರುವ ಸಮಯವನ್ನು ಸೆಟಿಂಗ್ಸ್‌ನ ‘ಸಿಂಕ್ ನೌ’ ಒತ್ತಿ ಸರಿಮಾಡಿಕೊಳ್ಳಬಹುದು.