ಕಟ್ ಮಾಡಿ ಕೂರಿಸಿದ ಬೆಕ್ಕು ಸ್ಟಿಕರ್ ಥರ ಕಾಣ್ತಿದೆ, ಏನ್ ಮಾಡ್ಲಿ?

ಪ್ರಶ್ನೆ:
ಒಂದು ವಾರದಿಂದ ಗಿಂಪ್‌ನಲ್ಲಿ (ಫೋಟೋ ಎಡಿಟ್ ಮಾಡೋ ಸಾಫ್ಟ್‌ವೇರ್) ಕೊಲಾಜ್ ಮಾಡ್ತಾ ಇದೀನಿ, ಸುಮ್ನೆ ಖುಷಿಗೆ. ನಮ್ಮ ಬೆಕ್ಕನ್ನ ಮೋಡದ ಮೇಲೆ ಮಲಗಿಸಿ ಹಿಂದ್ಗಡೆ ಬೆಟ್ಟದ ಜಾಗಕ್ಕೆ ಒಂದು ದೊಡ್ಡ ಕೆಟಲ್ ಇಟ್ಟಿದೀನಿ, ಐಡಿಯಾ ನಂಗಂತೂ ಸಖತ್ ಇಷ್ಟ ಆದ್ರೆ ಬೆಕ್ಕಿನ ಸುತ್ತ ಬಿಳಿ ಗೆರೆ ಉಳ್ಕೊಂಡಿದೆ, ಮಲಗಿರೋ ಥರನೇ ಅನ್ಸಲ್ಲ. ಇರೇಸರ್‌ನಲ್ಲಿ ಅಂಚು ಅಳಿಸೋಕೆ ಹೋಗಿ ಮೀಸೆನೇ ಹೋಯ್ತು, ಜೆಪೆಗ್ ಆಗಿ ಸೇವ್ ಮಾಡ್ಬಿಟ್ಟಿದ್ದೆ, ವಾಪಸ್ ತರೋಕೂ ಆಗ್ಲಿಲ್ಲ.

ಉತ್ತರ 1:
ಇರೇಸರ್ ಬಿಟ್ಬಿಡಿ, ಬೆಕ್ಕಿರೋ ಲೇಯರ್‌ಗೆ (ಚಿತ್ರದ ಪದರಕ್ಕೆ) ಲೇಯರ್ ಮಾಸ್ಕ್ ಹಾಕಿ. ಮಾಸ್ಕ್ ಮೇಲೆ ಕಪ್ಪು ಬಳಿದ್ರೆ ಆ ಭಾಗ ಮರೆಯಾಗುತ್ತೆ, ಬಿಳಿ ಬಳಿದ್ರೆ ವಾಪಸ್ ಬರುತ್ತೆ, ಫೋಟೋಗೆ ಏನೂ ಆಗಲ್ಲ. ಆ ಗೆರೆ ಹಳೇ ಬ್ಯಾಕ್‌ಗ್ರೌಂಡಿನ ಬಣ್ಣ, ಸೆಲೆಕ್ಷನ್‌ನ 1 ಅಥವಾ 2 ಪಿಕ್ಸೆಲ್ ಶ್ರಿಂಕ್ ಮಾಡಿ (ಒಳಗೆ ಕುಗ್ಗಿಸಿ) ಆಮೇಲೆ 1 ಪಿಕ್ಸೆಲ್ ಫೆದರ್ ಕೊಡಿ (ಅಂಚು ಮೆತ್ತಗಾಗುತ್ತೆ). ಮೀಸೆಗೆ ಯಾವ ಸೆಲೆಕ್ಷನ್ನೂ ಸಾಲಲ್ಲ, ಸಣ್ಣ ಬ್ರಶ್ ತಗೊಂಡು ಹೊಸದಾಗೇ ಎಳೀರಿ. ಮತ್ತೆ ಎಕ್ಸ್‌ಸಿಎಫ್‌ನಲ್ಲಿ (ಗಿಂಪ್‌ನ ಸ್ವಂತ ಫೈಲ್ ಫಾರ್ಮ್ಯಾಟ್) ಸೇವ್ ಮಾಡಿ, ಜೆಪೆಗ್‌ನಲ್ಲಿ ಲೇಯರ್ ಉಳಿಯಲ್ಲ.

ಉತ್ತರ 2:
ಅಂಚಿಗಿಂತ ಬೆಳಕು ಮುಖ್ಯ ಕಣ್ರೀ. ಮೋಡಕ್ಕೆ ಬಲಗಡೆಯಿಂದ ಬಿಸಿಲು, ಬೆಕ್ಕಿಗೆ ಎಡಗಡೆ ಕಿಟಕಿಯಿಂದ ಬೆಳಕು ಬಿದ್ದಿದ್ರೆ ಎಷ್ಟು ನೀಟಾಗಿ ಕಟ್ ಮಾಡಿದ್ರೂ ಕಣ್ಣು ಒಪ್ಪಲ್ಲ. ಅಡ್ಡಡ್ಡ ಫ್ಲಿಪ್ ಮಾಡಿ ನೋಡಿ (ಕೊರಳಪಟ್ಟಿ ಮೇಲೆ ಅಕ್ಷರ ಇದ್ರೆ ಉಲ್ಟಾ ಆಗುತ್ತೆ). ನೆರಳಿಗೆ ಬೆಕ್ಕಿನ ಕೆಳಗೆ ಬೇರೆ ಲೇಯರ್, ಲೇಯರ್ ಮೋಡ್ ಮಲ್ಟಿಪ್ಲೈ (ಕೆಳಗಿನ ಬಣ್ಣನ ಗಾಢ ಮಾಡುತ್ತೆ). ಅಚ್ಚ ಕಪ್ಪು ಬೇಡ, ಮೋಡದಲ್ಲೇ ಇರೋ ನೀಲಿ ಬೂದು ಬಣ್ಣ ಪಿಕ್ ಮಾಡಿ, ಹೊಟ್ಟೆ ತಾಗೋ ಕಡೆ ಗಾಢ, ಹೊರಗೆ ಹೋಗ್ತಾ ತೆಳು. ಕೊನೆಗೆ ಒಂದು ಚೂರು ಮೋಡನ ಪಾದದ ಮುಂದೆ ತಂದ್ರೆ ಬೆಕ್ಕು ಅದರೊಳಗೆ ಹೂತ್ಕೊಂಡ ಹಾಗಾಗುತ್ತೆ, ಇದೊಂದರಿಂದಲೇ ಅರ್ಧ ಕೆಲಸ ಮುಗೀತು.

ಉತ್ತರ 3:
ಅಂಟಿಸಿದ್ದು ಕಾಣ್ಲೇಬಾರ್ದು ಅಂತ ಏನೂ ಇಲ್ವಲ್ಲ? ರೈಲಾಂಡರ್ ಅನ್ನೋ ಫೋಟೋಗ್ರಾಫರ್ 1857ರಲ್ಲೇ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ್ದ, ಬೆಸುಗೆ ಗೊತ್ತಾಗಬಾರ್ದು ಅನ್ನೋ ಹಾಗೆ. 1919ರ ಹೊತ್ತಿಗೆ ಬರ್ಲಿನ್‌ನಲ್ಲಿ ಹನ್ನಾ ಹೋಖ್ ಅನ್ನೋ ಕಲಾವಿದೆ ಪತ್ರಿಕೆಗಳ ಫೋಟೋ ಕತ್ತರಿಸಿ ಅಂಟಿಸಿದ್ದು ಕತ್ತರಿ ಗುರುತು ಎದ್ದು ಕಾಣೋ ಹಾಗೇನೇ. ಕೆಟಲ್ಲೇ ಬೆಟ್ಟ ಆಗಿರುವಾಗ ನಂಬಿಸೋ ಹಂಗ್ಯಾಕೆ, ಆ ಬಿಳಿ ಗೆರೆನ 10 ಪಿಕ್ಸೆಲ್ ದಪ್ಪ ಮಾಡ್ಬಿಡಿ. ಅರ್ಧಂಬರ್ಧ ಇದ್ರೆ ತಪ್ಪು ಥರ ಕಾಣುತ್ತೆ, ದಪ್ಪ ಮಾಡಿದ್ರೆ ಬೇಕು ಅಂತಾನೇ ಮಾಡಿದ್ದು ಅಂತ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು:
ಎರಡೂ ಮಾಡ್ದೆ! ಬೆಕ್ಕನ್ನ ಫ್ಲಿಪ್ ಮಾಡಿ ನೆರಳು ಹಾಕ್ದೆ, ಕೆಟಲ್‌ಗೆ ಮಾತ್ರ ದಪ್ಪ ಬಿಳಿ ಅಂಚು. ಬೆಕ್ಕು ನಿಜ, ಬೆಟ್ಟ ಅದರ ಕನಸು ಅನ್ನೋ ಥರ ಬಂದಿದೆ, ನಾನು ಹಿಂಗೆ ಅಂದ್ಕೊಂಡೇ ಇರ್ಲಿಲ್ಲ. ಈಗ ಕೆಟಲ್ ಮೂತಿಯಿಂದ ಹಬೆ ಬಂದು ಮೋಡ ಸೇರೋ ಹಾಗೆ ಮಾಡ್ಬೇಕು, ಹಬೆನ ಹೆಂಗೆ ಕಟ್ ಮಾಡೋದು?

ಉತ್ತರ 2:
ಕಟ್ ಮಾಡ್ಲೇಬೇಡಿ. ಕಪ್ಪು ಬಟ್ಟೆ ಮುಂದೆ ಹಬೆ ಫೋಟೋ ತೆಗೆದು ಮೇಲಿನ ಲೇಯರ್‌ನಲ್ಲಿಟ್ಟು ಲೇಯರ್ ಮೋಡ್‌ನ ಸ್ಕ್ರೀನ್ ಮಾಡಿ, ಕಪ್ಪೆಲ್ಲ ಮಾಯ ಆಗಿ ಹಬೆ ಮಾತ್ರ ಉಳಿಯುತ್ತೆ.