ಎನ್‌ಬಿಎಯಲ್ಲಿ ಮೈಕೈ ತಾಗುವ ಆಟ ಕಡಿಮೆಯಾಗಿದೆಯೇ, ಅಥವಾ ತೀರ್ಪು ಕೊಡುವ ರೀತಿ ಬದಲಾಗಿದೆಯೇ?

ಮಲೆನಾಡ ಪ್ರೇಕ್ಷಕ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಹಳೆಯ ಪಂದ್ಯಗಳ ವಿಡಿಯೊ ನೋಡಿದವರೆಲ್ಲ ಆಗಿನ ಆಟಗಾರರು ಗಟ್ಟಿಗರು, ಈಗ ಮುಟ್ಟಿದರೂ ಸೀಟಿ ಎನ್ನುತ್ತಾರೆ. 1984ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಬುಟ್ಟಿಯತ್ತ ನುಗ್ಗುತ್ತಿದ್ದ ಲೇಕರ್ಸ್‌ನ ಕರ್ಟ್ ರಾಂಬಿಸ್ ಅವರ ಕೊರಳಿಗೆ ತೋಳು ಬೀಸಿ ಕೆಡವಿದ ಸೆಲ್ಟಿಕ್ಸ್‌ನ ಕೆವಿನ್ ಮೆಕ್‌ಹೇಲ್ ಆ ದಿನ ಆಟ ಮುಂದುವರಿಸಿದರು. ಇಂದು ಹಾಗೆ ಮಾಡಿದವರು ಅಂಕಣದಲ್ಲಿ ಉಳಿಯುವುದನ್ನು ಊಹಿಸಲೂ ಆಗದು. ಆದರೆ 2025ರ ಪ್ಲೇಆಫ್ (ಲೀಗ್ ಹಂತದ ನಂತರ ಪ್ರಶಸ್ತಿಗಾಗಿ ನಡೆಯುವ) ಪಂದ್ಯಗಳಲ್ಲಿ ಒಕ್ಲಹೋಮ ಸಿಟಿಯ ರಕ್ಷಕರು ಎದುರಾಳಿಗಳ ಮೈಗೆ ಅಂಟಿಕೊಂಡೇ ಆಡಿದ್ದನ್ನು ನೋಡಿದಾಗ ಈ ಮಾತು ಪೂರ್ಣ ಸತ್ಯವಲ್ಲ ಎನ್ನಿಸಿತು. ಬದಲಾದದ್ದು ನಿಯಮವೇ, ತೀರ್ಪುಗಾರರ ದೃಷ್ಟಿಯೇ? ಅದು ಯಾವಾಗ, ಯಾವ ಕಾರಣಕ್ಕೆ ಬದಲಾಯಿತು?

ಹಳೇ ಪಾಯಿಂಟ್ ಗಾರ್ಡ್:
ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಪೆಟ್ಟು ಕೊಡುವುದು ಬೇರೆ, ದಾರಿ ತಡೆಯುವುದು ಬೇರೆ. ಎನ್‌ಬಿಎ ಇವೆರಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಹತೋಟಿಗೆ ತಂದಿತು.

ಮೊದಲನೆಯದರ ಮೂಲ 1977ರ ಡಿಸೆಂಬರ್‌ನಲ್ಲಿದೆ. ಲೇಕರ್ಸ್‌ನ ಕರ್ಮಿಟ್ ವಾಷಿಂಗ್ಟನ್ ಹೊಡೆದ ಒಂದೇ ಗುದ್ದಿಗೆ ಹ್ಯೂಸ್ಟನ್‌ನ ರೂಡಿ ಟೊಮ್ಜಾನೊವಿಚ್ ಅವರ ಮುಖದ ಮೂಳೆಗಳು ಮುರಿದು, ಪ್ರಾಣಕ್ಕೇ ಅಪಾಯ ಬಂದಿತ್ತು. ಜಗಳ ಆಟದ ಭಾಗ ಎಂಬ ಉದಾಸೀನ ಅಲ್ಲಿಂದ ಕರಗತೊಡಗಿತಾದರೂ ಕರಗಲು ಬಹಳ ಕಾಲ ಹಿಡಿಯಿತು. ಮೈಕೆಲ್ ಜೋರ್ಡನ್ ಬುಟ್ಟಿಯ ಬಳಿ ಬಂದಾಗಲೆಲ್ಲ ಕೆಡವುತ್ತಿದ್ದ ಡೆಟ್ರಾಯಿಟ್ ಪಿಸ್ಟನ್ಸ್ ಎರಡು ಬಾರಿ ಚಾಂಪಿಯನ್ ಆದ ಬಳಿಕ, 1990-91ರಲ್ಲಿ ಅನಗತ್ಯವಾದ ಒರಟು ಪೆಟ್ಟಿಗೆ ಫ್ಲೇಗ್ರಂಟ್ ಫೌಲ್ ಎಂಬ ದಂಡನೆ ಜಾರಿಗೆ ಬಂತು: ಎರಡು ಫ್ರೀ ಥ್ರೋಗಳು (ಯಾರೂ ಅಡ್ಡಿಪಡಿಸದ ಎಸೆತಗಳು), ಮೇಲೆ ಚೆಂಡೂ ಎದುರಾಳಿಗೇ. ಜಗಳದ ವೇಳೆ ಬೆಂಚು ಬಿಟ್ಟು ಬಂದವರಿಗೆ ಅಮಾನತು ಎಂಬ ನಿಯಮವನ್ನೂ ಅದೇ ದಶಕದಲ್ಲಿ ಬಿಗಿಗೊಳಿಸಿದರು. 1997ರಲ್ಲಿ ಮಯಾಮಿ ವಿರುದ್ಧ 3-1ರಿಂದ ಮುಂದಿದ್ದ ನ್ಯೂಯಾರ್ಕ್ ನಿಕ್ಸ್ ಈ ನಿಯಮದಿಂದಾಗಿ ಪ್ಯಾಟ್ರಿಕ್ ಯೂಯಿಂಗ್ ಸೇರಿದಂತೆ ಹಲವರನ್ನು ಕಳೆದುಕೊಂಡು ಸರಣಿಯನ್ನೇ ಸೋತಿತು. ಯೂಯಿಂಗ್ ಯಾರಿಗೂ ಹೊಡೆದಿರಲಿಲ್ಲ, ಬೆಂಚಿನಿಂದ ಕೆಲವು ಹೆಜ್ಜೆ ಮುಂದೆ ಬಂದಿದ್ದರು ಅಷ್ಟೇ. ಆ ನಿಯಮ ಕ್ರೂರವಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ, ಆದರೆ ಅದು ಕೆಲಸ ಮಾಡಿತು.

ಎರಡನೆಯದು ಹ್ಯಾಂಡ್ ಚೆಕಿಂಗ್, ಅಂದರೆ ಚೆಂಡು ಹಿಡಿದವನ ಸೊಂಟದ ಮೇಲೆ ಕೈಯಿಟ್ಟು ಅವನ ದಿಕ್ಕನ್ನೇ ತಿರುಗಿಸುವುದು. 1978-79ರಲ್ಲೇ ಇದರ ಮೇಲೆ ಬಿಗಿ ಆರಂಭವಾಗಿ, 1994ರಲ್ಲೂ 1999ರಲ್ಲೂ ಮತ್ತೆ ಮತ್ತೆ ಬಿಗಿಯಾಗಿ, ಪ್ರತಿ ಸಲವೂ ಕೆಲ ತಿಂಗಳಲ್ಲಿ ಸಡಿಲಗೊಂಡಿತು. 2004-05ರಲ್ಲಿ ಮಾತ್ರ ತೀರ್ಪುಗಾರರು ಹಿಂದೆ ಸರಿಯಲಿಲ್ಲ. ಅದೇ ವರ್ಷ ಸ್ಟೀವ್ ನ್ಯಾಶ್ ಫೀನಿಕ್ಸ್‌ಗೆ ಮರಳಿದರು. ಹಿಂದಿನ ಋತುವಿನಲ್ಲಿ 29 ಪಂದ್ಯ ಗೆದ್ದಿದ್ದ ತಂಡ 62 ಗೆದ್ದಿತು, ನ್ಯಾಶ್ ಅತ್ಯಮೂಲ್ಯ ಆಟಗಾರರಾದರು. ಮೈಕಟ್ಟಿಲ್ಲದ ಗಾರ್ಡ್‌ಗಳ, ಅಂದರೆ ಚೆಂಡು ನಡೆಸಿ ಆಟ ಕಟ್ಟುವ ಚಿಕ್ಕ ಆಟಗಾರರ ಕಾಲ ಹಾಗೆ ಶುರುವಾಯಿತು.

ಅಂಕಿಗಾರ:
ಮೇಲಿನವರ ಇತಿಹಾಸ ಸರಿಯಾಗಿದೆ, ಆದರೆ 2004ಕ್ಕೆ ಅಷ್ಟೊಂದು ಶ್ರೇಯ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಂದು ತಂಡದ ಸರಾಸರಿ ಅಂಕ 2003-04ರಲ್ಲಿ 93.4 ಇದ್ದದ್ದು ಮರುವರ್ಷ 97.2ಕ್ಕೆ ಏರಿತು, ನಿಜ. ಆದರೆ 2023-24ರಲ್ಲಿ ಅದು 114 ದಾಟಿತು, ಮತ್ತು ಆ ನಡುವಿನ ಏರಿಕೆಯನ್ನು ಸೀಟಿಯ ಲೆಕ್ಕಕ್ಕೆ ಹಾಕಲಾಗದು, ಏಕೆಂದರೆ ತಂಡವೊಂದಕ್ಕೆ 2004-05ರಲ್ಲಿ ಪಂದ್ಯಕ್ಕೆ ಸುಮಾರು 26 ಫ್ರೀ ಥ್ರೋಗಳು ಸಿಗುತ್ತಿದ್ದರೆ 2023-24ರಲ್ಲಿ ಸಿಕ್ಕವು ಸುಮಾರು 22 ಮಾತ್ರ. ಮುಟ್ಟಿದರೂ ಸೀಟಿ ಎನ್ನುವವರು ಈ ಅಂಕಿಯನ್ನು ಹೇಗೆ ವಿವರಿಸುತ್ತಾರೆ?

ನಿಜವಾದ ತಿರುವು 2001-02ರಲ್ಲಿ ಬಂತು. ವಲಯ ರಕ್ಷಣೆಗೆ, ಅಂದರೆ ಒಬ್ಬ ಎದುರಾಳಿಯ ಬದಲು ಅಂಕಣದ ಒಂದು ಭಾಗವನ್ನು ಕಾಯುವುದಕ್ಕೆ ಅನುಮತಿ ಸಿಕ್ಕಿತು, ಅದರ ಜೊತೆಗೆ ಯಾರನ್ನೂ ಕಾಯದೆ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಬಾರದು ಎಂಬ ಕಟ್ಟೂ ಬಂತು. ಬೆನ್ನು ತಿರುಗಿಸಿ ಒಬ್ಬನನ್ನೇ ತಳ್ಳುತ್ತ ಬುಟ್ಟಿಯೆಡೆಗೆ ಸಾಗುವ ದೈತ್ಯರ ಆಟಕ್ಕೆ ಬೆಲೆ ಕುಗ್ಗಿತು. ದೂರದಿಂದ ಎಸೆಯುವ ಮೂರು ಅಂಕಗಳ ಎಸೆತಗಳು 2023-24ರ ಹೊತ್ತಿಗೆ ತಂಡವೊಂದಕ್ಕೆ ಪಂದ್ಯಕ್ಕೆ ಸುಮಾರು 15ರಿಂದ 35ಕ್ಕೆ ಏರಿದವು. ಹತ್ತು ಜನ ಅಂಕಣದ ತುಂಬ ಹರಡಿ ನಿಂತಾಗ ಡಿಕ್ಕಿ ತಾನಾಗಿ ಕಡಿಮೆಯಾಗುತ್ತದೆ. ತೀರ್ಪುಗಾರರು ಮೃದುವಾದರು ಎನ್ನುವುದಕ್ಕಿಂತ, ಜಗಳವಾಡಬಹುದಾದ ಜಾಗವೇ ಖಾಲಿಯಾಯಿತು ಎನ್ನುವುದು ಹೆಚ್ಚು ಸರಿ.

ಸೀಟಿ ಊದುವವ:
ನಾನು ಕಾಲೇಜು ಮಟ್ಟದ ಪಂದ್ಯಗಳಲ್ಲಿ ತೀರ್ಪುಗಾರನಾಗಿದ್ದೇನೆ, ಆದ್ದರಿಂದ ನನ್ನ ಗಮನ ಬೇರೆಡೆಗಿದೆ. ಅಂದಿಗೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಈಗ ತೀರ್ಪುಗಾರರ ಮೇಲೂ ಕಣ್ಣಿದೆ ಎಂಬುದು.

ಎನ್‌ಬಿಎ ಮೂರನೇ ತೀರ್ಪುಗಾರರನ್ನು 1978-79ರಲ್ಲಿ ಪ್ರಯೋಗಕ್ಕೆ ತಂದು, ಒಂದೇ ವರ್ಷಕ್ಕೆ ಕೈಬಿಟ್ಟು, 1988-89ರಲ್ಲಿ ಖಾಯಂ ಮಾಡಿತು. ಅದುವರೆಗೆ ಇಬ್ಬರು ಹತ್ತು ಆಟಗಾರರನ್ನು ನೋಡಬೇಕಿತ್ತು. ಚೆಂಡಿಲ್ಲದ ಕಡೆ ನಡೆಯುತ್ತಿದ್ದ ಮೊಣಕೈ ಪೆಟ್ಟುಗಳು ಕ್ಷಮೆಯಿಂದ ಅಲ್ಲ, ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತಿದ್ದವು. ಅನಂತರ 2007ರ ಆಘಾತ ಬಂತು: ತಾವೇ ನಿರ್ವಹಿಸಿದ ಪಂದ್ಯಗಳ ಬಾಜಿಯಲ್ಲಿ ತೊಡಗಿದ್ದ ತೀರ್ಪುಗಾರ ಟಿಮ್ ಡೊನಾಘಿ ತಪ್ಪೊಪ್ಪಿಕೊಂಡರು, ಮರುವರ್ಷ ಅವರಿಗೆ 15 ತಿಂಗಳ ಸೆರೆವಾಸವಾಯಿತು. ಪಾರದರ್ಶಕತೆ ಎಂಬ ಮಾತು ಲೀಗಿಗೆ ಆಮೇಲೆ ಅನಿವಾರ್ಯವಾಯಿತು. 2014ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ಮರುವೀಕ್ಷಣಾ ಕೇಂದ್ರ, 2015ರಿಂದ ಬಿಗಿ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳ ಬಹಿರಂಗ ವರದಿ, 2019-20ರಲ್ಲಿ ತರಬೇತುದಾರರಿಗೆ ತೀರ್ಪು ಪ್ರಶ್ನಿಸುವ ಹಕ್ಕು ಬಂದವು.

ಆಟಗಾರರ ಕಪಟದ ಮೇಲಿನ ಕ್ರಮವನ್ನೂ ಮರೆಯಬಾರದು. ಎಸೆಯುವ ನೆಪದಲ್ಲಿ ಪಕ್ಕಕ್ಕೆ ಜಿಗಿದು, ಹಿಂದಕ್ಕೆ ವಾಲಿ ರಕ್ಷಕನ ಮೈಗೆ ತಾವೇ ಡಿಕ್ಕಿ ಹೊಡೆದು ಫೌಲ್ ಗಿಟ್ಟಿಸುವುದಕ್ಕೆ 2021-22ರಲ್ಲಿ ತಡೆ ಹಾಕಿದರು. ಜೇಮ್ಸ್ ಹಾರ್ಡನ್ ಮತ್ತು ಟ್ರೇ ಯಂಗ್ ಆ ಋತುವಿನ ಆರಂಭದಲ್ಲಿ ಬಹಿರಂಗವಾಗಿಯೇ ಅಸಮಾಧಾನ ತೋರಿಸಿದರು. ಬೇಕೆಂದೇ ಬೀಳುವವರಿಗೆ 2023-24ರಿಂದ ಪಂದ್ಯದಲ್ಲೇ ಟೆಕ್ನಿಕಲ್ ಫೌಲ್ (ಮೈ ತಾಗದ ತಪ್ಪುನಡೆಗೆ ಕೊಡುವ ದಂಡನೆ) ಇದೆ. ಈ ಎರಡೂ ರಕ್ಷಕನ ಪರವಾದ ಬದಲಾವಣೆಗಳು.

ಮಲೆನಾಡ ಪ್ರೇಕ್ಷಕ:
ವಿವರಗಳಿಗೆ ಧನ್ಯವಾದಗಳು. ಹಾಗಿದ್ದರೆ ಒಂದೇ ಪುಸ್ತಕದ ನಿಯಮ ನವೆಂಬರ್‌ನಲ್ಲಿ ಒಂದು ರೀತಿ, ಪ್ಲೇಆಫ್ ನಡೆಯುವ ಮೇ ತಿಂಗಳಲ್ಲಿ ಇನ್ನೊಂದು ರೀತಿ ಜಾರಿಯಾಗುವುದು ಏಕೆ?

ಸೀಟಿ ಊದುವವ:
ನಿಯಮದಲ್ಲೇ ತೀರ್ಪುಗಾರರ ವಿವೇಚನೆಗೆ ಜಾಗವಿರುವುದರಿಂದ. ತಾಗಿದ್ದೆಲ್ಲ ಫೌಲ್ ಅಲ್ಲ. ಎದುರಾಳಿಯ ವೇಗ, ಸಮತೋಲನ ಅಥವಾ ಲಯಕ್ಕೆ ಅಡ್ಡಿಯಾಯಿತೇ ಎಂಬುದನ್ನು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು, ಮತ್ತು ಪ್ಲೇಆಫ್‌ನಲ್ಲಿ ಆ ಗೆರೆ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. 2023-24ರಲ್ಲಂತೂ ಪುಸ್ತಕದ ಒಂದಕ್ಷರ ಬದಲಾಗದೆ, ಋತುವಿನ ಮಧ್ಯದಲ್ಲೇ ಫೌಲ್‌ಗಳು ಕಡಿಮೆಯಾದವು. ಇದು ನನಗೆ ಸರಿಕಾಣುವುದಿಲ್ಲ. ಗೆರೆ ಎಲ್ಲಿದ್ದರೂ ಆಟಗಾರರು ಹೊಂದಿಕೊಳ್ಳುತ್ತಾರೆ, ಅದು ಓಡಾಡತೊಡಗಿದರೆ ಮಾತ್ರ ಕಷ್ಟ. 2025ರ ಏಪ್ರಿಲ್‌ನಲ್ಲಿ ನಿಕ್ಸ್ ಡೆಟ್ರಾಯಿಟ್‌ನಲ್ಲಿ 94-93ರಿಂದ ಗೆದ್ದ ಪಂದ್ಯವನ್ನೇ ನೋಡಿ. ಕೊನೆಯ ಕ್ಷಣದಲ್ಲಿ ಟಿಮ್ ಹಾರ್ಡವೇ ಜೂನಿಯರ್ ಎಸೆಯುವಾಗ ಜಾಶ್ ಹಾರ್ಟ್ ಅವರ ಮೈ ತಾಗಿತು, ಸೀಟಿ ಬರಲಿಲ್ಲ. ಅದು ಫೌಲ್ ಆಗಬೇಕಿತ್ತು ಎಂದು ಪಂದ್ಯದ ಬಳಿಕ ಮುಖ್ಯ ತೀರ್ಪುಗಾರರೇ ಒಪ್ಪಿಕೊಂಡರು, ಆದರೆ ಸೀಟಿಯೇ ಊದದಿದ್ದಾಗ ಮರುವೀಕ್ಷಣೆಗೆ ಕೋರಲು ಅಲ್ಲಿ ತೀರ್ಪೇ ಇರಲಿಲ್ಲ.