ಲೈಸೆನ್ಸಿನ ಕೋವಿಗೆ ಯಾವ ವಿಮೆ? ಪ್ರಶ್ನೋತ್ತರ

(ಉತ್ತರ ಕೊಡುವವರು ಕೇರಳದ ಕಾಸರಗೋಡು ಮತ್ತು ಕರ್ನಾಟಕದ ಪುತ್ತೂರು ಕಡೆ ಕೆಲಸ ಮಾಡುವ ಸಾಮಾನ್ಯ ವಿಮೆಯ ಸರ್ವೇಯರ್, ಅಂದರೆ ಕ್ಲೇಮ್ ಬಂದಾಗ ನಷ್ಟವನ್ನು ಅಂದಾಜು ಮಾಡುವವರು. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.)

ಬದಿಯಡ್ಕದಿಂದ ಒಬ್ಬ ಅಡಿಕೆ ಕೃಷಿಕರು: ಸರ್, ನಮ್ಮಲ್ಲಿ ಎರಡು ಕೋವಿ ಇವೆ. ಒಂದು ಅಪ್ಪ ತೆಗೆದುಕೊಂಡ 12 ಬೋರಿನ ಜೋಡು ನಳಿಗೆ. ಇನ್ನೊಂದು ಅಜ್ಜನ ಕಾಲದ ಕೇಪಿನ ಕೋವಿ. ಎರಡೂ ಈಗ ನನ್ನ ಲೈಸೆನ್ಸಿನಲ್ಲಿವೆ. ಮನೆ ಸಾಲದ ಜೊತೆ ಬ್ಯಾಂಕಿನವರು ಮಾಡಿಸಿದ ವಿಮೆ ಇದೆ. ಕೋವಿಯೂ ಅದರಲ್ಲೇ ಬರುತ್ತದಾ, ಬೇರೆ ಮಾಡಿಸಬೇಕಾ? ಹಂದಿ ಕಾಟ ಜಾಸ್ತಿ, ರಾತ್ರಿ ತೋಟಕ್ಕೆ ಹಿಡಿದುಕೊಂಡು ಹೋಗುವುದೂ ಉಂಟು.

ಉತ್ತರ: ಅಣ್ಣ, ಮೊದಲು ಆ ಬ್ಯಾಂಕಿನ ಪಾಲಿಸಿ ಹೊರಗೆ ತೆಗೆಯಿರಿ. ಸಾಲದ ಜೊತೆ ಬಂದ ಪಾಲಿಸಿಯಲ್ಲಿ ಎಷ್ಟೋ ಸಲ ಕಟ್ಟಡ ಮಾತ್ರ ಇರುತ್ತದೆ. ಹೆಸರು 'ಭಾರತ್ ಗೃಹ ರಕ್ಷಾ' ಅಂತ ಇದ್ದರೆ, ಅದು 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರುತ್ತಿರುವ ಮನೆ ವಿಮೆ. ಕಟ್ಟಡ ಮತ್ತು ಸಾಮಾನು ಎರಡಕ್ಕೂ ತೆಗೆದುಕೊಂಡಿದ್ದರೆ, ಕಟ್ಟಡದ ಮೊತ್ತದ ಶೇ. 20ರಷ್ಟು ಸಾಮಾನಿಗೆ ತಾನಾಗಿ ಸಿಗುತ್ತದೆ. ಅದಕ್ಕೆ 10 ಲಕ್ಷದ ಮಿತಿ ಇದೆ.

ಆದರೆ ಅಷ್ಟಕ್ಕೇ ನೆಮ್ಮದಿ ಪಡಬೇಡಿ. ಆ ಪಾಲಿಸಿ ಇರುವುದು ಬೆಂಕಿ, ಸಿಡಿಲು, ನೆರೆ, ಗುಡ್ಡ ಕುಸಿತ ಇಂಥವುಗಳಿಗೆ. ಕಳವು ಬರುವುದು ಇಂಥದ್ದೊಂದು ಆಗಿ, ಅದರಿಂದಾಗಿ ಏಳು ದಿನದೊಳಗೆ ನಡೆದರೆ ಮಾತ್ರ. ಯಾವುದೋ ಮದುವೆಗೆ ಹೋದಾಗ ಕಳ್ಳ ಬೀಗ ಒಡೆದು ಕೋವಿ ಹೊತ್ತುಕೊಂಡು ಹೋದರೆ ಪೈಸೆಯೂ ಸಿಗುವುದಿಲ್ಲ. ಇನ್ನೊಂದು ವಿಷಯ. ಸ್ಫೋಟಕ ವಸ್ತುಗಳನ್ನು ಅದರಲ್ಲಿ ಹೊರಗಿಟ್ಟಿದ್ದಾರೆ. ಹಾಗಾಗಿ ಕೇಪಿನ ಕೋವಿಯ ಮದ್ದು, ತೋಟೆ ಇವುಗಳಿಗೆ ಹಣ ಸಿಗುತ್ತದೆ ಎಂಬ ಲೆಕ್ಕ ಬೇಡ.

ನಿಮಗೆ ಬೇಕಾದದ್ದು ಬೇರೆ. ಹೌಸ್‌ಹೋಲ್ಡರ್ಸ್ ಪ್ಯಾಕೇಜ್ ಪಾಲಿಸಿಯಲ್ಲಿ ಕನ್ನಗಳವಿನ ವಿಭಾಗ ಒಂದು ಇರುತ್ತದೆ, 'ಆಲ್ ರಿಸ್ಕ್ಸ್' ಅಂತ ಇನ್ನೊಂದು ಇರುತ್ತದೆ. ಕನ್ನಗಳವು ಅಂದರೆ ಸಾಮಾನ್ಯವಾಗಿ ಬಾಗಿಲು, ಕಿಟಕಿ ಒಡೆದು ನುಗ್ಗಿದ ಗುರುತು ಇರಬೇಕು. ತೆರೆದ ಬಾಗಿಲಲ್ಲಿ ಬಂದು ಎತ್ತಿಕೊಂಡು ಹೋದದ್ದು, ಮನೆಯವರೋ ಕೆಲಸದವರೋ ಕೈಜೋಡಿಸಿದ್ದು ಎಷ್ಟೋ ಪಾಲಿಸಿಯಲ್ಲಿ ಬರುವುದಿಲ್ಲ. ಆಲ್ ರಿಸ್ಕ್ಸ್ ಸ್ವಲ್ಪ ಅಗಲ. ಮನೆಯ ಹೊರಗೂ ಇರುತ್ತದೆ. ಆಕಸ್ಮಿಕವಾಗಿ ಬಿದ್ದು ಮರದ ಹಿಡಿ ಒಡೆದದ್ದು, ಕೆರೆಗೆ ಜಾರಿದ್ದು ಬರುತ್ತದೆ. ತುಕ್ಕು ಮತ್ತು ಸವೆತ ಯಾವುದರಲ್ಲೂ ಇಲ್ಲ. ನಮ್ಮ ಮಳೆಗಾಲದಲ್ಲಿ ಕೋವಿಗೆ ಆಗುವ ದೊಡ್ಡ ಹಾನಿಯೇ ತುಕ್ಕು, ಅದಕ್ಕೆ ಎಣ್ಣೆಬಟ್ಟೆಯೇ ಗತಿ. ರಾತ್ರಿ ತೋಟಕ್ಕೆ ಒಯ್ಯುವ ನಿಮಗೆ ಆಲ್ ರಿಸ್ಕ್ಸೇ ಸರಿ.

ಯಾವುದೇ ತೆಗೆದುಕೊಳ್ಳಿ, ಕೋವಿಯನ್ನು ಪಾಲಿಸಿಯ ಷೆಡ್ಯೂಲಿನಲ್ಲಿ ಹೆಸರು ಹೇಳಿ ಬರೆಸಿ. ಯಾವ ಮೇಕ್, ಯಾವ ಬೋರು, ಕೋವಿಯ ಮೇಲಿನ ನಂಬರ್, ಲೈಸೆನ್ಸಿನ ಯುಐಎನ್ (ಲೈಸೆನ್ಸಿನ ಗುರುತು ಸಂಖ್ಯೆ) ಇಷ್ಟೂ ಬೇಕು. 'ಮನೆಯ ಇತರ ಸಾಮಾನು' ಅಂತ ಬರೆದರೆ ಸಾಕು ಎಂದು ಏಜೆಂಟ್ ಹೇಳಿದರೆ ಒಪ್ಪಬೇಡಿ. ಕ್ಲೇಮಿನ ಹೊತ್ತಿಗೆ ನನ್ನಂಥವನು ಬಂದು ನೋಡುವುದು ಆ ಸಾಲನ್ನೇ.

ಮೊತ್ತ ಎಷ್ಟು ಅಂತ ಹಾಕುವುದು? ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಂದ ಬೆಲೆಯ ಪತ್ರ ತನ್ನಿ. ಪ್ರೀಮಿಯಂ ಉಳಿಸಲು ಕಡಿಮೆ ಬರೆಸಿದರೆ ಆವರೇಜ್ ಅನ್ವಯಿಸುತ್ತಾರೆ, ಅಂದರೆ ಕಡಿಮೆ ಬರೆಸಿದ ಪ್ರಮಾಣದಲ್ಲೇ ಪರಿಹಾರವನ್ನೂ ಕಡಿಮೆ ಮಾಡುತ್ತಾರೆ. ಲಕ್ಷ ಬಾಳುವ ಕೋವಿಗೆ 50,000 ಬರೆಸಿದ್ದೀರಿ, 40,000 ನಷ್ಟ ಆಯಿತು ಅಂದುಕೊಳ್ಳಿ. ನಿಮ್ಮ ಕೈಗೆ ಬರುವುದು 20,000.

ಅಜ್ಜನ ಕೋವಿಯದ್ದು ಬೇರೆಯೇ ಪ್ರಶ್ನೆ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ, ನಿಮಗೆ ಬೆಲೆ ಜಾಸ್ತಿ. ಅಂಥದ್ದಕ್ಕೆ ಮೊದಲೇ ಒಪ್ಪಿದ ಮೊತ್ತದ ಮೇಲೆ ಪಾಲಿಸಿ ಕೊಡಿ ಅಂತ ಕೇಳಿ. ರಿಪೇರಿ ಮಾಡಿದರೂ ಈಡು ಹಾರದ ಸ್ಥಿತಿಗೆ ಬಂದ ಹಳೇ ಕೋವಿಯನ್ನು ಆರ್ಮ್ಸ್ ಆಕ್ಟಿನ (ಶಸ್ತ್ರಾಸ್ತ್ರ ಕಾಯ್ದೆಯ) 45ನೇ ಸೆಕ್ಷನ್ ಆ ಕಾಯ್ದೆಯಿಂದಲೇ ಹೊರಗಿಡುತ್ತದೆ. ಆಗ ಅದು ಪುರಾತನ ವಸ್ತುವಿನ ಹಾಗೆ. ಗೃಹ ರಕ್ಷಾದಲ್ಲೇ ಬೆಲೆಬಾಳುವ ಸಾಮಾನಿನ ಐಚ್ಛಿಕ ವಿಭಾಗದಲ್ಲಿ ಸೇರಿಸಲು ಕೇಳಬಹುದು. ಆದರೆ ಹಾರುತ್ತದಾ ಇಲ್ಲವಾ ಎಂದು ನೀವೇ ತೀರ್ಮಾನ ಮಾಡಬೇಡಿ. ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿನಿಂದ (ಜಿಲ್ಲಾಧಿಕಾರಿ ಕಚೇರಿಯಿಂದ) ಬರಹದಲ್ಲಿ ಬರಲಿ. ಅಲ್ಲಿಯವರೆಗೆ ಲೈಸೆನ್ಸಿನಲ್ಲೇ ಇರಲಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ನಿಮ್ಮ ಲೆಕ್ಕ ಸರಿಯಾಗಿ ತುಂಬಿದೆ, ಮೂರನೆಯದಕ್ಕೆ ಜಾಗ ಇಲ್ಲ.

ಎಣ್ಮಕಜೆಯಿಂದ: ಕೋವಿ ಹೋದರೆ ಹೋಗಲಿ ಸರ್. ನನಗೆ ಹೆದರಿಕೆ ಬೇರೆ. ಹಂದಿಗೆ ಇಟ್ಟ ಈಡು ಯಾರಿಗಾದರೂ ತಾಗಿದರೆ? ಅದಕ್ಕೆ ವಿಮೆ ಉಂಟಾ? ಕೆಲವು ಸಲ ಮಗನೂ ಕೋವಿ ಹಿಡಿಯುತ್ತಾನೆ.

ಉತ್ತರ: ನೀವು ಕೇಳಿದ್ದೇ ಮುಖ್ಯ ಪ್ರಶ್ನೆ. ಕೋವಿ ಕಳೆದರೆ ಸಾವಿರಗಳ ಲೆಕ್ಕ. ಮನುಷ್ಯನಿಗೆ ತಾಗಿದರೆ ತೋಟ ಮಾರಿದರೂ ತೀರದ ಲೆಕ್ಕ. ಕೋವಿಯ ಮೊತ್ತ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಮೂರನೆಯವರ ಹೊಣೆಗಾರಿಕೆಯ (ಹೊರಗಿನವರಿಗೆ ನಿಮ್ಮಿಂದಾದ ಹಾನಿಯ ಪರಿಹಾರದ) ಮೊತ್ತವನ್ನು ನಿಮ್ಮ ಕೈಗೆ ಎಟುಕುವಷ್ಟು ಎತ್ತರಕ್ಕೆ ಇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಪ್ಯಾಕೇಜ್ ಪಾಲಿಸಿಯಲ್ಲಿ ಪಬ್ಲಿಕ್ ಲಯಬಿಲಿಟಿ ವಿಭಾಗ ಇರುತ್ತದೆ. ಅದು ಹೆಚ್ಚಾಗಿ ಮನೆಯ ಆವರಣಕ್ಕೆ ಸೀಮಿತ. ತೋಟ ಅದರಲ್ಲಿ ಸೇರುತ್ತದಾ, ಪಕ್ಕದವರ ಗುಡ್ಡೆ ಸೇರುತ್ತದಾ, ಕೋವಿ ಬಳಕೆಯನ್ನು ಹೊರಗಿಟ್ಟಿದ್ದಾರಾ ಅಂತ ಕಂಪನಿಗೆ ಮೇಲ್ ಮಾಡಿ ಕೇಳಿ. ಉತ್ತರ ಬರಹದಲ್ಲೇ ಇರಲಿ. ಬಾಯಿ ಮಾತಿನ ಭರವಸೆ ಬೇಡ. ಅಡಿಕೆ ಸುಲಿಯುವವರು, ಕೊನೆ ತೆಗೆಯುವವರು 'ಮೂರನೆಯವರು' ಅಲ್ಲ, ನಿಮ್ಮ ಕೆಲಸದವರು. ಅವರಿಗೆ ತಾಗಿದರೆ ಈ ವಿಭಾಗ ಕೈಬಿಡುತ್ತದೆ. ಅವರಿಗೆ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ ಬೇರೆ ಬೇಕು. ಮನೆಯವರೂ ಮೂರನೆಯವರಲ್ಲ.

ಇನ್ನು ಹಂದಿ. ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿದ್ದಾರೆ. ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಇರುವವರಿಂದ ಹೊಡೆಸಲು ಅವರು ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯ ಕೇಸು. ಕಾನೂನು ಮೀರಿ ಮಾಡಿದ್ದಕ್ಕೆ ಯಾವ ವಿಮೆಯೂ ನಿಲ್ಲುವುದಿಲ್ಲ. ದಂಡವನ್ನು, ಕ್ರಿಮಿನಲ್ ಕೇಸಿನ ಶಿಕ್ಷೆಯನ್ನು ವಿಮೆ ಯಾವತ್ತೂ ಕಟ್ಟುವುದಿಲ್ಲ. ನೀವು ಪಂಚಾಯತಿನ ಪಟ್ಟಿಯಲ್ಲಿದ್ದು, ಹಣ ಪಡೆದು ಬೇರೆಯವರ ತೋಟದಲ್ಲಿ ಹೊಡೆಯುವವರಾದರೆ ಅದನ್ನೂ ಪ್ರಪೋಸಲ್ ಫಾರಂನಲ್ಲಿ (ವಿಮೆ ಕೇಳುವ ಅರ್ಜಿಯಲ್ಲಿ) ಬರೆಯಿರಿ. ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು.

ಮಗನ ಕೈಗೆ ಕೋವಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಲೈಸೆನ್ಸ್ ನಿಮ್ಮದು, ಅವನದ್ದಲ್ಲ. ಅಪಘಾತ ಆಗದಿದ್ದರೂ ಅದು ಅಪರಾಧ. ಅಪಘಾತ ಆದರೆ ನಿಮ್ಮಿಬ್ಬರ ಮೇಲೂ ಕೇಸು ಬೀಳುತ್ತದೆ, ವಿಮೆಯೂ ಕೈಬಿಡುತ್ತದೆ. ಅವನಿಗೆ ಆಸಕ್ತಿ ಇದ್ದರೆ ಅವನ ಹೆಸರಿನಲ್ಲಿ ಅರ್ಜಿ ಹಾಕಿಸಿ. ನಿಮಗೆ 70 ತುಂಬಿದ್ದರೆ, ಅಥವಾ ಕೋವಿ ನಿಮ್ಮಲ್ಲಿ 25 ವರ್ಷದಿಂದ ಇದ್ದರೆ, 2016ರ ಆರ್ಮ್ಸ್ ರೂಲ್ಸ್ ಪ್ರಕಾರ ವಾರಸುದಾರನಾಗಿ ಅವನಿಗೇ ಲೈಸೆನ್ಸ್ ಕೇಳುವ ದಾರಿ ಇದೆ.

ಕುಂಬಳೆಯಿಂದ ಒಬ್ಬರು ತಾಯಿ: ಮಗಳು ಹತ್ತು ಮೀಟರ್ ಏರ್ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ರೈಫಲ್‌ಗೆ ಲಕ್ಷದ ಮೇಲೆ ಖರ್ಚಾಗಿದೆ. ರೈಲಿನಲ್ಲಿ ತೆಗೆದುಕೊಂಡು ಹೋಗುವಾಗ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ: ಅಕ್ಕ, 4.5 ಮಿಲಿಮೀಟರ್ ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೆ ಲೈಸೆನ್ಸ್ ಇಲ್ಲ ಅಂದರೆ ಅದು ನಿಮ್ಮದೇ ಎಂದು ಹೇಳುವ ಸರ್ಕಾರಿ ದಾಖಲೆಯೂ ಇಲ್ಲ. ಖರೀದಿಯ ಬಿಲ್, ವಿದೇಶದಿಂದ ತರಿಸಿದ್ದಾದರೆ ಅದರ ಕಾಗದ, ನಂಬರ್ ಕಾಣುವ ಫೋಟೊ ಜೋಪಾನ ಮಾಡಿ.

ನಿಮಗೆ ಹೊಂದುವುದು ಸ್ಪೋರ್ಟ್ಸ್ ಇನ್ಶೂರೆನ್ಸ್. ಗಾಲ್ಫ್, ಟೆನಿಸ್, ಕ್ರಿಕೆಟ್ ಜೊತೆ ಆಟದ ಕೋವಿ ಬಳಕೆಗೂ ಅದು ಇದೆ. ಸಾಧನಕ್ಕೆ ಆಗುವ ಹಾನಿ, ಇನ್ನೊಬ್ಬರಿಗೆ ಆಗುವ ಹಾನಿಯ ಹೊಣೆ, ಆಟಗಾರರ ಅಪಘಾತ ಮೂರೂ ಒಂದೇ ಪಾಲಿಸಿಯಲ್ಲಿ ಬರುತ್ತವೆ. ನಿಮ್ಮ ಹೆಸರಿನಲ್ಲಿ ಮಾಡಿ ಮಗಳ ಹೆಸರನ್ನೂ ಸೇರಿಸಬಹುದು. ಷರತ್ತು ಒಂದೇ, ಹವ್ಯಾಸಿ ಆಟಗಾರರಿಗೆ ಮಾತ್ರ. ಮುಂದೆ ಅವಳು ಇದನ್ನೇ ವೃತ್ತಿ ಮಾಡಿಕೊಂಡರೆ ಆ ದಿನವೇ ಕಂಪನಿಗೆ ತಿಳಿಸಿ. ಎಲ್ಲ ಶಾಖೆಯವರಿಗೂ ಈ ಪಾಲಿಸಿಯ ಪರಿಚಯ ಇರುವುದಿಲ್ಲ. ಸರ್ಕಾರಿ ಕಂಪನಿಯ ಡಿವಿಷನಲ್ ಆಫೀಸಿನಲ್ಲಿ ಕೇಳಿ. ಪ್ರಯಾಣದಲ್ಲಿ ಇರುವಾಗಲೂ ಸೇರಿದೆ ಎಂಬ ಮಾತು ಪಾಲಿಸಿಯಲ್ಲಿ ಬರಲಿ. ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋದಾಗ ಕಳವಾದರೆ ಕ್ಲೇಮ್ ಕಷ್ಟ. ರೈಫಲ್ ಯಾವಾಗಲೂ ಯಾರದಾದರೂ ಕಣ್ಣೆದುರು ಇರಲಿ.

ಮುಳ್ಳೇರಿಯದಿಂದ: ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡುತ್ತೇವಲ್ಲ, ಆಗ ಏನಾದರೂ ಆದರೆ?

ಉತ್ತರ: ಪಾಲಿಸಿಯಲ್ಲಿ ಕೋವಿ ಇರುವ ಜಾಗ 'ಮನೆ' ಎಂದಷ್ಟೇ ಇದ್ದರೆ ಠಾಣೆಯಲ್ಲಿ ಅದು ಹೊರಗೆ. ಆಲ್ ರಿಸ್ಕ್ಸ್ ಆದರೆ ಪರವಾಗಿಲ್ಲ. ಕೊಡುವಾಗ ಸ್ಥಿತಿ ಬರೆದ ರಸೀದಿ ಕೇಳಿ ಪಡೆಯಿರಿ, ಫೋಟೊ ತೆಗೆಯಿರಿ. ಬೆಳೆ ರಕ್ಷಣೆಗೆ ಕೋವಿ ಬೇಕೇ ಬೇಕು ಅನ್ನುವವರು ಯಾರ ಕೋವಿ ಜಮಾ ಆಗಬೇಕು ಎಂದು ನೋಡುವ ಜಿಲ್ಲೆಯ ಸ್ಕ್ರೀನಿಂಗ್ ಕಮಿಟಿಗೆ ಮೊದಲೇ ವಿನಾಯಿತಿ ಅರ್ಜಿ ಕೊಡಿ.

ಪೆರ್ಲದಿಂದ ಒಬ್ಬರು ಅಕ್ಕ: ನಮ್ಮ ಯಜಮಾನರು ತೀರಿಕೊಂಡರು. ಕೋವಿ ಕಪಾಟಿನಲ್ಲೇ ಇದೆ. ವಿಮೆ ಅವರ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆ. ಹಾಗೇ ಬಿಡಬಹುದಾ?

ಉತ್ತರ: ಬಿಡಬೇಡಿ ಅಕ್ಕ. ಲೈಸೆನ್ಸ್ ಅವರಿಗೆ ಕೊಟ್ಟದ್ದು. ಅವರಿಲ್ಲದ ಮೇಲೆ ಕೋವಿ ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ನಿಮಗೆ ತಾನಾಗಿ ಬರುವುದಿಲ್ಲ. ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ಕೋವಿ ಎತ್ತಿಕೊಂಡು ರಸ್ತೆಗೆ ಇಳಿಯಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕು ಎಂದು ಕೇಳಿ. ಜಮಾ ಮಾಡಿದರೆ ಕೋವಿ ಕೈತಪ್ಪಿತು ಅಂತ ಅಲ್ಲ. ನೀವಾಗಲಿ ಮಕ್ಕಳಾಗಲಿ ವಾರಸುದಾರರಾಗಿ ಅರ್ಜಿ ಹಾಕಬಹುದು. ವಿಮೆ ಕಂಪನಿಗೂ ಮರಣ ಪತ್ರದ ಜೊತೆ ಒಂದು ಕಾಗದ ಬರೆಯಿರಿ. ಹೊಸ ಲೈಸೆನ್ಸ್ ಬಂದ ಮೇಲೆ ಹೊಸ ಹೆಸರಿನಲ್ಲಿ ಮಾಡಿಸಿದರಾಯಿತು.

ಮತ್ತೆ ಬದಿಯಡ್ಕದಿಂದ: ನಮಗೆ ಪುತ್ತೂರಿನ ಶಾಖೆ ಹತ್ತಿರ, ಭಾಷೆಯೂ ಸುಲಭ. ಅಲ್ಲಿ ಮಾಡಿಸಿದರೆ ಮುಂದೆ ತೊಂದರೆ ಆಗುತ್ತದಾ? ಇನ್ನೊಂದು, ಜೋಡು ನಳಿಗೆಯ ಮೇಲಿನ ನಂಬರ್ ಸವೆದು ಸರಿಯಾಗಿ ಕಾಣುವುದಿಲ್ಲ.

ಉತ್ತರ: ಪುತ್ತೂರಿನಲ್ಲಿ ಮಾಡಿಸಬಹುದು. ಕೋವಿ ಇರುವ ವಿಳಾಸ ಕೇರಳದ್ದು ಎಂದು ಸರಿಯಾಗಿ ಬರೆಸಿ. ಕಳವಾದರೆ ಕೂಡಲೇ ಇಲ್ಲಿನ ಠಾಣೆಗೆ ತಿಳಿಸಬೇಕು. ಅದು ವಿಮೆಯ ಷರತ್ತು ಮಾತ್ರ ಅಲ್ಲ, ಲೈಸೆನ್ಸಿನ ಷರತ್ತೂ ಹೌದು. ಎಫ್‌ಐಆರ್ ಮಲಯಾಳದಲ್ಲಿ ಇರುತ್ತದೆ, ಪುತ್ತೂರಿನ ಶಾಖೆಗೆ ಅದರ ಅನುವಾದ ಸೇರಿಸಿ ಕೊಟ್ಟರೆ ಕಾಗದ ಅಲ್ಲೇ ಕೂರುವುದಿಲ್ಲ. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮೆಯ ದೂರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಫೀಸಿಲ್ಲ, ವಕೀಲರೂ ಬೇಡ. ನಿಮ್ಮ ಮನೆ ಇರುವ ಕಡೆಯ ಕಚೇರಿಗೂ ಹೋಗಬಹುದು, ಶಾಖೆ ಇರುವ ಕಡೆಯದಕ್ಕೂ ಹೋಗಬಹುದು. ಅಂದರೆ ಪುತ್ತೂರಿನ ಪಾಲಿಸಿ ಇದ್ದರೆ ಕೊಚ್ಚಿಯೂ ಆಯಿತು, ಬೆಂಗಳೂರೂ ಆಯಿತು. ಗಡಿಯಲ್ಲಿರುವ ನಮಗೆ ಇದು ದೊಡ್ಡ ಅನುಕೂಲ.

ಒಂದು ಎಚ್ಚರ. ರಿಪೇರಿಗೆ ಕೋವಿಯನ್ನು ಮಂಗಳೂರಿಗೆ ಒಯ್ಯುವ ಮೊದಲು ಲೈಸೆನ್ಸ್ ಕೇರಳಕ್ಕೆ ಮಾತ್ರವಾ, ಇಡೀ ದೇಶಕ್ಕಾ ನೋಡಿ. ಕೇರಳಕ್ಕೆ ಮಾತ್ರ ಇದ್ದರೆ ಗಡಿಯ ತಲಪಾಡಿ ದಾಟಿದ ಕೂಡಲೇ ಲೈಸೆನ್ಸೂ ಇಲ್ಲ, ವಿಮೆಯೂ ಇಲ್ಲ. ಲೈಸೆನ್ಸಿನ ಐದು ವರ್ಷ ಮುಗಿದಿದ್ದರೂ ಅದೇ ಕಥೆ.

ನಂಬರಿನ ವಿಷಯಕ್ಕೆ ಬರುತ್ತೇನೆ. ಅದನ್ನು ನೀವಾಗಿ ಕೊರೆಸಬೇಡಿ, ಉಜ್ಜಬೇಡಿ, ಪಾಲಿಶ್ ಹಾಕಿಸಬೇಡಿ. ಗುರುತು ಅಳಿಸುವುದು ಆರ್ಮ್ಸ್ ಆಕ್ಟಿನ 8ನೇ ಸೆಕ್ಷನ್ ಪ್ರಕಾರ ಅಪರಾಧ. ಅಳಿದ ಗುರುತಿನ ಕೋವಿ ಯಾರ ಕೈಯಲ್ಲಿದೆಯೋ ಅವರೇ ಅಳಿಸಿದ್ದು ಎಂದು ಕಾನೂನು ಮೊದಲು ಭಾವಿಸುತ್ತದೆ. ಅದು ಹಾಗಲ್ಲ ಎಂದು ನೀವೇ ತೋರಿಸಿಕೊಡಬೇಕಾಗುತ್ತದೆ. ಹಾಗಾಗಿ ಈಗಲೇ ಕಲೆಕ್ಟರೇಟಿಗೆ ಅರ್ಜಿ ಕೊಡಿ. ಅಪ್ಪನ ಹಳೇ ಲೈಸೆನ್ಸ್, ಖರೀದಿ ರಸೀದಿ ಇದ್ದರೆ ಜೊತೆಗಿಡಿ. ಅವರು ಪರಿಶೀಲಿಸಿ ಏನು ಮಾಡಬೇಕು ಎಂದು ಹೇಳಲಿ. ಆ ಕಾಗದ ಕೈಗೆ ಬಂದ ಮೇಲೆ ವಿಮೆಯ ಪ್ರಪೋಸಲ್ ಫಾರಂ ತುಂಬಿಸಿ.